ಹಲ್ಲು ತುಂಬಿಸಿದ ನಂತರದ ಚೇತರಿಕೆ

ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿದ ಅಥವಾ ಕ್ಯಾಪ್ ಹಾಕಿದ ಮೇಲೆ ಹಲ್ಲು, ಒಸಡು, ದವಡೆಗಳು ಮೊದಲಿನ ಸ್ಥಿತಿಗೆ ಮರಳುವ ಅವಧಿ. ನೋವು ತಿಳಿಯದಿರಲೆಂದು ಕೊಡುವ ಲಿಗ್ನೊಕೇನ್ ಚುಚ್ಚುಮದ್ದಿನ ಜೋಮು ಸಾಮಾನ್ಯವಾಗಿ 2ರಿಂದ 4 ಗಂಟೆ ಇರುತ್ತದೆ. ಅಷ್ಟರೊಳಗೆ ಊಟಕ್ಕೆ ಕೂತರೆ ಕೆನ್ನೆ ಕಚ್ಚಿಕೊಂಡದ್ದು, ಬಿಸಿ ಕಾಫಿಗೆ ನಾಲಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಮಕ್ಕಳ ಮೇಲಂತೂ ಕಣ್ಣಿಡಬೇಕು. ಕಾಂಪೋಸಿಟ್ ಫಿಲ್ಲಿಂಗ್ ನೀಲಿ ಬೆಳಕಿಗೆ ಆಗಲೇ ಗಟ್ಟಿಯಾಗುತ್ತದೆ. ಪಾದರಸ ಬೆರೆತ ಅಮಾಲ್ಗಮ್ ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು.

ತಣ್ಣೀರು ತಾಗಿದಾಗ ಹಲ್ಲು ಜುಮ್ಮೆನ್ನುವುದು ಕೆಲವು ದಿನ, ಒಮ್ಮೊಮ್ಮೆ 2-3 ವಾರ ಸಹಜ. ಜನ ಸುಮ್ಮನೆ ಸಹಿಸಿಕೊಳ್ಳುವ ತೊಂದರೆ ಬೇರೆಯೇ ಇದೆ: ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಾಗಿ, ಅಗಿದಾಗಲೆಲ್ಲ ಆ ಹಲ್ಲೇ ಮೊದಲು ತಾಗಿ ನೋಯುವುದು. ಜೋಮು ಹಿಡಿದ ಬಾಯಿಗೆ ಈ ಎತ್ತರ ತಿಳಿಯದು. ಜೋಳದ ರೊಟ್ಟಿ ಅಗಿಯುವವರಿಗೆ ಬೇಗ, ಮುದ್ದೆ ನುಂಗುವವರಿಗೆ ತುಸು ತಡವಾಗಿ ಗೊತ್ತಾಗುತ್ತದೆ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ, ಗುರುತು ಮೂಡಿದ ಕಡೆ ಒಂದಿಷ್ಟು ಉಜ್ಜಿದರೆ ಸರಿಹೋಗುತ್ತದೆ. ತಾತ್ಕಾಲಿಕ ಕ್ಯಾಪ್ ಇರುವಷ್ಟು ದಿನ ಚಿಕ್ಕಿ, ಚಕ್ಕುಲಿ, ಕಬ್ಬು ಬೇಡ.

ನಿದ್ದೆಗೆಡಿಸುವ ನೋವು, ಬಿಸಿ ತಾಗಿದ ಮೇಲೆ ಬಹಳ ಹೊತ್ತು ನಿಲ್ಲದ ಸೆಳೆತ, ಮುಖದ ಊತ, ಜ್ವರ ಕಂಡರೆ ಕಾಯದೆ ದಂತವೈದ್ಯರಲ್ಲಿಗೆ ಹೋಗಬೇಕು.