ಸರಕು ವಿಮಾನವು ಆಯುಧವಾದ ಬಗೆ

ಯಾದಗಿರಿಯ ಕೋಟೆಯಲ್ಲಿ ಉಳಿದಿರುವ ತೋಪುಗಳನ್ನು ನೋಡಿದವರಿಗೆ ಅವುಗಳ ಉದ್ದೇಶದ ವಿಷಯದಲ್ಲಿ ಸಂದೇಹ ಹುಟ್ಟದು. ವಿಮಾನದ ಮಾತು ಹಾಗಲ್ಲ. ಸಾಮಾನು ಹೊರುವುದಕ್ಕೆಂದು ನಿರ್ಮಿತವಾದ ವಿಮಾನವು ಆಯುಧವಾಗಿ ಪರಿಣಮಿಸಿದ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ಚರಿತ್ರೆಯಲ್ಲಿ 1948ನೆಯ ವರ್ಷಕ್ಕೆ ವಿಶೇಷ ಸ್ಥಾನವಿದೆ. ಆಗ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಭಾರತದಲ್ಲಿ ವಿಲೀನವಾಗಲೊಲ್ಲದ ಆ ಸಂಸ್ಥಾನಕ್ಕೆ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಗುಟ್ಟಾಗಿ ಶಸ್ತ್ರಗಳನ್ನು ತರಿಸುತ್ತಿದ್ದನು. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯು ಸಂಸ್ಥಾನದ ಪ್ರತಿಭಟನೆಯನ್ನು ಕೊನೆಗಾಣಿಸಿತು. ಈ ಲ್ಯಾಂಕಾಸ್ಟ್ರಿಯನ್ ಲ್ಯಾಂಕಾಸ್ಟರ್ ಬಾಂಬರಿನಿಂದ ಮಾರ್ಪಟ್ಟ ಸಾಗಣೆಯ ವಿಮಾನವೆಂಬುದು ಗಮನಾರ್ಹ.

ಅದೇ ವರ್ಷ ಕಾಶ್ಮೀರದ ಪೂಂಚಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಮುತ್ತಿಗೆಗೆ ಸಿಕ್ಕಿದ ಆ ಪಟ್ಟಣಕ್ಕೆ ಆಹಾರವನ್ನೊಯ್ದು ನಿರಾಶ್ರಿತರನ್ನು ಹೊತ್ತು ತರುತ್ತಿದ್ದುದು ಡಕೋಟ ವಿಮಾನ. ಅದೇ ಡಕೋಟದ ಬಾಗಿಲಿನಿಂದ ನಮ್ಮ ವೈಮಾನಿಕರು ಬಾಂಬುಗಳನ್ನು ಕೆಳಕ್ಕೆ ಉರುಳಿಸಿದರು.

ಡಕೋಟವು ಕನ್ನಡನಾಡಿಗೆ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ವಹಿಸಿಕೊಂಡಾಗ ಈ ವಿಮಾನಗಳು ಅಲ್ಲಿ ದುರಸ್ತಿಗೊಂಡುವು. ಯುದ್ಧಾನಂತರ ಅಲ್ಲಿಯೇ ಹಲವು ಡಕೋಟಗಳನ್ನು ಪ್ರಯಾಣಿಕರಿಗಾಗಿ ಮಾರ್ಪಡಿಸಲಾಯಿತು.

ಈ ವಿಮಾನಕ್ಕೆ ಬಂದೂಕನ್ನು ಜೋಡಿಸಿದವರು ಅಮೆರಿಕದವರು. ಮುಂದಕ್ಕೆ ಗುಂಡು ಹಾರಿಸುವ ವಿಮಾನವು ಕ್ಷಣಮಾತ್ರದಲ್ಲಿ ಗುರಿಯನ್ನು ದಾಟಿಹೋಗುತ್ತದೆ. ಆದುದರಿಂದ 1964ರಲ್ಲಿ ಡಕೋಟದ ಎಡಮಗ್ಗುಲಿಗೆ 7.62 ಮಿ.ಮೀ. ಗಾತ್ರದ ಮೂರು ಶೀಘ್ರಗಾಮಿ ಬಂದೂಕುಗಳನ್ನಿಟ್ಟು ವಿಯೆಟ್ನಾಮಿನಲ್ಲಿ ಪ್ರಯೋಗಿಸಿದರು. ಗಾಣದ ಎತ್ತಿನಂತೆ ವಿಮಾನವು ಎಡಕ್ಕೆ ವಾಲಿ ಸುತ್ತುತ್ತಿದ್ದರೆ, ನಡುವಣ ಗುರಿ ಬಂದೂಕಿನ ಎದುರಿನಿಂದ ಕದಲುವುದಿಲ್ಲ. ವಿಶಾಲವಾದ ಒಡಲಿನಲ್ಲಿ ಮದ್ದುಗುಂಡಿಗೆ ಸ್ಥಳವಿತ್ತು; ಬಹುಕಾಲ ಆಕಾಶದಲ್ಲಿ ನಿಲ್ಲುವ ಶಕ್ತಿಯೂ ಇತ್ತು. ಆದರೆ ಗಾತ್ರವೂ ಮಂದಗತಿಯೂ ಅದನ್ನು ಶತ್ರುವಿಗೆ ಸುಲಭದ ಗುರಿಯಾಗಿಸಿದ್ದರಿಂದ ರಾತ್ರಿಯ ಮರೆ ಬೇಕಾಗುತ್ತಿತ್ತು. 1967ರಿಂದ ಸಿ-130 ವಿಮಾನವು ಇದೇ ಕಾರ್ಯಕ್ಕೆ ಬಂದಿತು. ಕಾಲಕ್ರಮದಲ್ಲಿ ಅದರೊಳಗೆ 105 ಮಿ.ಮೀ. ಫಿರಂಗಿಯೇ ಕುಳಿತಿತು.

ಭಾರತವು ಪೂಂಚಿನ ದಾರಿಯನ್ನೇ ಮುಂದುವರಿಸಿತು. 1971ರ ಡಿಸೆಂಬರಿನಲ್ಲಿ 44ನೆಯ ಸ್ಕ್ವಾಡ್ರನ್ನಿನ ಆಂಟನೋವ್-12 ಸರಕು ವಿಮಾನಗಳು ಇರುಳಿನಲ್ಲಿ ಹಾರಿ, ಪಾಕಿಸ್ತಾನದ ಛಾಂಗಾ ಮಾಂಗಾ ಅರಣ್ಯದಲ್ಲಿದ್ದ ಮದ್ದುಗುಂಡಿನ ದಾಸ್ತಾನಿನ ಮೇಲೆ ಹಿಂಬಾಗಿಲಿನಿಂದ ಬಾಂಬುಗಳನ್ನು ಸುರಿದುವು.

ಯುದ್ಧವಿಮಾನಗಳನ್ನಷ್ಟೇ ಎಣಿಸಿ ಒಂದು ದೇಶದ ವಾಯುಬಲವನ್ನು ಅಳೆಯುವ ಪದ್ಧತಿ ಸಾಲದೆಂಬುದು ಇದರಿಂದ ಸಿದ್ಧವಾಗುತ್ತದೆ. ಪೂಂಚಿನ ಜನರಿಗೆ ಅನ್ನವನ್ನು ತಂದುದೂ ಮುತ್ತಿಗೆ ಹಾಕಿದವರ ಮೇಲೆ ಬಾಂಬನ್ನು ಉರುಳಿಸಿದುದೂ ಒಂದೇ ಬಗೆಯ ವಿಮಾನ. ಅದು ಯಾವ ದಿನ ಏನನ್ನು ಹೊತ್ತಿತ್ತು, ಯಾರ ಆಜ್ಞೆಯಂತೆ ಹಾರಿತು ಎಂಬುದನ್ನೇ ಇತಿಹಾಸಕಾರನು ಮೊದಲು ವಿಚಾರಿಸತಕ್ಕದ್ದು.