ಎಣ್ಣೆಗೂದಲು ಮತ್ತು ನಿಮಿರುಗೂದಲು: ತಿಪಟೂರು ಸೀಮೆಯ ಕೇಶಕಲೆಯನ್ನು ಕುರಿತು ಒಂದು ವಿವೇಚನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಇತಿಹಾಸವನ್ನು ಬರೆದವರು ಕೆರೆ, ಶಾಸನ, ದೇವಾಲಯ, ಪಾಳೆಯಪಟ್ಟುಗಳನ್ನು ಕುರಿತು ಹೇರಳವಾಗಿ ಬರೆದಿದ್ದಾರೆ. ಜನರ ತಲೆಗೂದಲನ್ನು ಕುರಿತು ಬರೆದವರು ವಿರಳ. ಯಾರ ತಲೆಯನ್ನು ಯಾರು ಮುಟ್ಟಬಹುದು, ಯಾವ ಕೂದಲು ಮಲಗಿರಬೇಕು, ಯಾವುದು ನಿಲ್ಲಬಹುದು ಎಂಬುದನ್ನು ಸಮಾಜವು ಎಷ್ಟು ಕಟ್ಟುನಿಟ್ಟಾಗಿ ವಿಧಿಸಿತ್ತೆಂಬುದನ್ನು ನೆನೆದರೆ ಈ ಮೌನವು ಸೋಜಿಗವಾಗಿ ಕಾಣುತ್ತದೆ. ಕೇಶಾಲಂಕಾರ, ಪ್ರಸಾಧನಗಳನ್ನು ಕಲಿಯುವ ಇಂದಿನ ವಿದ್ಯಾರ್ಥಿಗಳಿಗೆ ಪಾಶ್ಚಾತ್ಯರ ‘ಪಂಕ್’ ಮಾದರಿಯ ನಿಮಿರುಗೂದಲೂ ಒಂದು ಅಭ್ಯಾಸವಾಗಿ ಬಂದೊದಗಿದೆ. ಅದಕ್ಕೆ ಮುನ್ನ ಈ ಸೀಮೆಯಲ್ಲಿ ಏನಿತ್ತೆಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

ಮೊದಲು ಎಣ್ಣೆಯ ಮಾತು. ತಿಪಟೂರಿನ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನುವ ಕೊಬ್ಬರಿಯೇ ಹೊರತು ಗಾಣಕ್ಕೆ ಹೋಗುವುದಲ್ಲ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ತಿರುಳು ಚಿಪ್ಪಿನಿಂದ ತಾನಾಗಿ ಬಿಡುವವರೆಗೆ ಕಾಯುವುದು ಇಲ್ಲಿಯ ಪದ್ಧತಿ. ಆದರೂ ತಲೆಗೆ ಕೊಬ್ಬರಿ ಎಣ್ಣೆಯೆಂಬುದು ಮನೆಮನೆಯ ನಿಯಮ. ಕೊಬ್ಬರಿ ಎಣ್ಣೆಯು ಕೂದಲಿನ ಒಳಕ್ಕೆ ಇಳಿದು ಅದರ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಅಜ್ಜಿಯರಿಗೆ ಈ ಪ್ರಮಾಣದ ಅಗತ್ಯವಿರಲಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆ ಸಂಭಾವಿತರ ಲಕ್ಷಣ. ಕೆದರಿದ ತಲೆ ಶೋಕದ್ದು, ಹುಚ್ಚಿನದು, ಇಲ್ಲವೆ ಮೈಮೇಲೆ ಬಂದುದರದು. ದ್ರೌಪದಿಯ ಬಿಚ್ಚಿದ ಮುಡಿಯ ಅರ್ಥವನ್ನು ಹಳ್ಳಿಯ ಯಾವ ಪ್ರೇಕ್ಷಕನಿಗೂ ವಿವರಿಸಬೇಕಾಗಿಲ್ಲ.

ನಿಂತ ಕೂದಲು ದೇವತೆಗೂ ದೈತ್ಯನಿಗೂ ಮೀಸಲು. ಭೈರವನ ಮೂರ್ತಿಗೆ ಜ್ವಾಲೆಯಂತೆ ಮೇಲೆದ್ದ ಕೇಶವನ್ನು ಶಿಲ್ಪಶಾಸ್ತ್ರವು ಹೇಳುತ್ತದೆ. ಮೈಲಾರಲಿಂಗನ ಗೊರವರು ಧರಿಸುವ ಕರಡಿಗೂದಲ ಟೊಪ್ಪಿಗೆಯೂ ಈ ಬಳಗಕ್ಕೇ ಸೇರಿದುದೆಂದು ನಾವು ಭಾವಿಸುತ್ತೇವೆ. ಇವೆಲ್ಲ ವೇಷಗಳು, ಉತ್ಸವ ಮುಗಿದೊಡನೆ ಕಳಚಿಡತಕ್ಕವು.

ತಲೆಯನ್ನು ತಿದ್ದುವ ಕೈ ಯಾರದು? ಮೈಸೂರು ಸೀಮೆಯ ಹಳೆಯ ವರದಿಗಳು ‘ನಾಯಿಂದ’ ಎಂದೂ ಆಡುಮಾತು ‘ಕೆಲಸಿ’ ಎಂದೂ ಕರೆದ ಕುಲದವರು ಊರ ಆಯಗಾರರಲ್ಲಿ ಒಬ್ಬರು. ಕೂಲಿ ಹಣವಲ್ಲ, ಸುಗ್ಗಿಯಲ್ಲಿ ಕಣದ ಬಳಿ ಅಳೆದುಕೊಡುವ ಆಯ. ಹಡಪದ ಚೀಲವೇ ಅಂಗಡಿ, ಜಗಲಿಯೋ ಮರದ ನೆರಳೋ ಕಾರ್ಯಾಗಾರ. ಮಗನು ತಂದೆಯ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದನು, ಬೇರೆ ಪಾಠಶಾಲೆಯಿಲ್ಲ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನನ್ನು ಈ ಕುಲವು ತನ್ನವನೆಂದು ಗೌರವಿಸುತ್ತದೆ. ಮದುವೆಯ ವಾಲಗವನ್ನು ಊದುವವರೂ ಅನೇಕ ಕಡೆ ಇವರೇ. ಕೂದಲೂ ಸಂಗೀತವೂ ಒಂದೇ ಮನೆಯ ವಿದ್ಯೆಯಾಗಿದ್ದುದು ನಮ್ಮ ಪ್ರಕೃತ ವಿಷಯಕ್ಕೆ ತೀರ ಅಪ್ರಸ್ತುತವಲ್ಲ.

ಈ ಕೈಗೆ ಗೌರವ ದೊರೆಯಿತೆ? ಶುಭಕಾರ್ಯಕ್ಕೆ ವಾಲಗ ಬೇಕು, ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ. ಕುಲದ ಹೆಸರೇ ಬೈಗುಳವಾಯಿತು. ಹೆಂಗಸರ ತಲೆಗೂದಲು ಮನೆಯ ಹೆಂಗಸರ ಕೈಯದೇ ಆಗಿತ್ತು. ಕೆಲವು ಜಾತಿಗಳಲ್ಲಿ ಕೆಲಸಿಯ ಕತ್ತಿ ಹೆಣ್ಣಿನ ತಲೆಯನ್ನು ಮುಟ್ಟಿತೆಂದರೆ ಆಕೆ ವಿಧವೆಯಾದಳೆಂದು ಅರ್ಥ. 1890ರಲ್ಲಿ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಕ್ಷೌರಿಕರು ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿಂತರು. ಇದು ಆ ಕೈಯ ಉಜ್ವಲವಾದ ನಿರಾಕರಣೆ. ಇನ್ನೊಂದು ನಿರಾಕರಣೆಯನ್ನೂ ಮುಚ್ಚಿಡಲಾಗದು. ದಲಿತರಿಗೆ ಕ್ಷೌರ ಮಾಡದಿರುವುದು ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಅನ್ಯಾಯ. ಮಾಡಿದರೆ ಮೇಲಿನವರು ಆಯ ನಿಲ್ಲಿಸುವರೆಂಬ ಭಯ ಕೆಲಸಿಗೂ ಇತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಂತಹ ಸೇವಾನಿರಾಕರಣೆಯನ್ನು ದಂಡನಾರ್ಹವೆಂದಿತು. ಕಾಯಿದೆಯಿಂದ ಕೈ ಒಂದೇ ದಿನದಲ್ಲಿ ಬದಲಾಗಲಿಲ್ಲ. ಪೇಟೆಯ ಸಲೂನು, ಅದರ ಕುರ್ಚಿ, ಕನ್ನಡಿ, ರೊಕ್ಕದ ವ್ಯವಹಾರ ಇವು ಬದಲಾವಣೆಯ ಒಂದಂಶವನ್ನು ಸದ್ದಿಲ್ಲದೆ ನೆರವೇರಿಸಿದುವು.

ಕೂದಲನ್ನು ಬಯಸಿದಂತೆ ರೂಪಿಸುವ ಸ್ವಾತಂತ್ರ್ಯ ಮೊದಲು ದೊರೆತುದು ರಂಗದ ಮೇಲೆ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದುವು. ಅದರ ಛಾಯೆಯಲ್ಲಿ ಈ ತಾಲ್ಲೂಕುಗಳ ಹಳ್ಳಿಗರು ಪೌರಾಣಿಕ ನಾಟಕವಾಡುವರು. ಬಾಡಿಗೆಗೆ ಬಂದ ಸೀನರಿ, ಡ್ರೆಸ್ಸು, ವಿಗ್ಗು, ಚೌರಿ. ಬಣ್ಣ ಹಚ್ಚುವವನು ರೈತನನ್ನು ಒಂದು ಗಂಟೆಯಲ್ಲಿ ದುರ್ಯೋಧನನನ್ನಾಗಿಸುವನು. ಪ್ರಸಾಧನವು ಜಾತಿಯಿಂದ ಬಿಡಿಸಿಕೊಂಡು ಕಲಿಯಬಹುದಾದ ವಿದ್ಯೆಯಾದುದು ಇಲ್ಲಿಯೇ ಎಂದು ನಮ್ಮ ಮತ. 1980ರಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವು ಆರಂಭವಾದ ಮೇಲೆ ರಂಗವಿದ್ಯೆಗೆ ನಾಡಿನ ಹಳ್ಳಿಯೊಂದರಲ್ಲೇ ಶಾಲೆಯೂ ದೊರೆಯಿತು.

‘ಪಂಕ್’ ಚಳವಳಿ ಲಂಡನ್ನಿನಲ್ಲಿ 1976ರ ಸುಮಾರಿಗೆ ತಲೆಯೆತ್ತಿತು. ಆರಂಭದ ಪಂಕರ ಕೂದಲು ತಾವೇ ಕತ್ತರಿಸಿಕೊಂಡ ಗಿಡ್ಡ, ಅಂಕುಡೊಂಕಿನ ಕೂದಲು. ಇಕ್ಕೆಲವನ್ನು ಬೋಳಿಸಿ ನಡುವೆ ಶಿಖರ ನಿಲ್ಲಿಸುವ ರೂಪ ವ್ಯಾಪಕವಾದುದು 1980ರಿಂದೀಚೆಗೆ. ಸಾಬೂನು, ಸಕ್ಕರೆ ನೀರು, ಮೊಟ್ಟೆಯ ಬಿಳಿ ಇವೇ ಅವರ ಸಾಧನಗಳು. ಗುರುವಿಲ್ಲದೆ ಹುಟ್ಟಿದ ಈ ಕೇಶವು ಈಗ ಗುರುಮುಖೇನ ಕಲಿಯುವ ಪಾಠವಾಗಿರುವುದು ವಿನೋದವೇ ಸರಿ. ವಿದ್ಯಾರ್ಥಿಯು ಗೊಂಬೆತಲೆಯ ಮೇಲೆ ಕೂದಲನ್ನು ಚೌಕಚೌಕವಾಗಿ ಭಾಗಿಸಿ, ಬುಡದ ಕಡೆಗೆ ಹಿಂದುಬಾಚಿ, ಜೆಲ್ಲು ಸವರಿ, ಡ್ರೈಯರಿನ ಬಿಸಿಯಿಂದ ಒಣಗಿಸುತ್ತಾನೆ. ನಮ್ಮವರ ಕಪ್ಪು ಕೂದಲಿಗೆ ಬಣ್ಣ ಹತ್ತಬೇಕಾದರೆ ಮೊದಲು ಪೆರಾಕ್ಸೈಡಿನಿಂದ ಬಿಳಿಚಿಸಬೇಕು. ಅದು ಕೆಂಪಾಗಿ, ಕಿತ್ತಳೆಯಾಗಿ, ಆಮೇಲೆ ಹಳದಿಯಾಗುತ್ತದೆ. ಆ ಹಳದಿಯ ಮೇಲೆ ನೀಲಿ ಹಚ್ಚಿದವನಿಗೆ ಹಸಿರು ದೊರೆತು ಪೆಚ್ಚಾಗುವುದುಂಟು. ಎಲ್ಲಕ್ಕೂ ಮೊದಲು ಎಣ್ಣೆಯನ್ನು ತೊಳೆಯಬೇಕು: ಎಣ್ಣೆಗೂದಲು ನಿಲ್ಲುವುದಿಲ್ಲ.

ಕಲಿಯುವವರಲ್ಲಿ ಎರಡು ಬಗೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಕ್ಷೌರವನ್ನು 18 ಕಸುಬುಗಳಲ್ಲಿ ಒಂದೆಂದು ಗಣಿಸಿ, ತರಬೇತಿಯೊಡನೆ ಉಪಕರಣಗಳಿಗೆಂದು 15,000 ರೂಪಾಯಿವರೆಗೆ ನೆರವು ನೀಡುವ ಏರ್ಪಾಡು ಮಾಡಿತು. ಇದು ಮುಖ್ಯವಾಗಿ ಕುಲಕಸುಬಿನವರನ್ನು ಉದ್ದೇಶಿಸಿದುದು. ಕೈಗಾರಿಕಾ ತರಬೇತಿ ಸಂಸ್ಥೆಗಳ ಸೌಂದರ್ಯಶಾಸ್ತ್ರದ ತರಗತಿಗೆ ಯಾವ ಕುಲದವರೂ ಸೇರಬಹುದು. ಹೆಣ್ಣುಮಕ್ಕಳೂ ಅಲ್ಲಿ ಕತ್ತರಿ ಹಿಡಿಯುತ್ತಾರೆ. ಹೆಣ್ಣಿನ ತಲೆಯ ಮೇಲೆ ಕತ್ತಿಯಾಡಿದರೆ ಒಂದೇ ಅರ್ಥವಿದ್ದ ಕಾಲವನ್ನು ಈ ವಿದ್ಯಾರ್ಥಿನಿಯರ ಮುತ್ತಜ್ಜಿಯರು ಕಂಡಿದ್ದರು.