ಬಿಟ್ಟಿ ಯಾರದು?

ರಾಯಚೂರಿನಿಂದ ದೇವದುರ್ಗಕ್ಕೋ ಮಾನ್ವಿಗೋ ಹೊರಟ ಬಸ್ಸಿನಲ್ಲಿ ಸೀಟು ಸಿಗದ ಗಂಡಸರು ಈಗ ಗೊಣಗುವ ಮಾತು ‘ಬಿಟ್ಟಿ’. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾಯಿತು, ಆಗಸ್ಟ್ ಕೊನೆಗೆ ಮನೆಯೊಡತಿಗೆ ತಿಂಗಳಿಗಿಷ್ಟೆಂದು ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ಅಲ್ಲಿಂದಾಚೆ ‘ಬಿಟ್ಟಿ ಭಾಗ್ಯ’ ಎಂಬುದು ಭಾಷಣಕ್ಕೂ ಹರಟೆಗೂ ಸಲೀಸಾಗಿಬಿಟ್ಟಿದೆ. ಕಾಸು ಕೊಡದೆ ಪಡೆದದ್ದು ಬಿಟ್ಟಿ, ಪಡೆದವಳು ಹೆಣ್ಣು ಎಂಬುದು ಅದರ ಇಂಗಿತ. ಆದರೆ ಈ ಪದದ ಹಳೆಯ ಬಾಳುವೆಯೇ ಬೇರೆ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ಬಿಟ್ಟಿಯಾಯಿತು, ತೆಲುಗಿನಲ್ಲಿ ವೆಟ್ಟಿಯಾಯಿತು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಂಡ ದುಡಿಮೆ ಎಂಬುದೇ ಅದರ ಅರ್ಥ. ನಮ್ಮ ಶಾಸನಗಳಲ್ಲಿ ಅದು ಸುಂಕ, ಕಾಣಿಕೆಗಳ ಸಾಲಿನಲ್ಲಿ ಕೂತಿರುತ್ತದೆ. ಅಂದರೆ ಬಿಟ್ಟಿ ಎಂಬುದು ಬಡವರು ಕೊಡುತ್ತಿದ್ದದ್ದು, ಬಲ್ಲಿದರು ಪಡೆಯುತ್ತಿದ್ದದ್ದು. ಪದ ಹೀಗೆ ತಿರುಗಿ ನಿಂತಿರುವುದಕ್ಕೆ, ಕೊಟ್ಟವರ ಲೆಕ್ಕವನ್ನು ಯಾರೂ ಬರೆದಿಡದೆ ಹೋದದ್ದೇ ಕಾರಣವೆಂದು ನನಗನ್ನಿಸುತ್ತದೆ. ಬರೆಯದೆ ಉಳಿದ ಆ ಲೆಕ್ಕದಲ್ಲಿ ದೊಡ್ಡ ಪಾಲು ಹೆಂಗಸರದು.

ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ಆ ರಾಜ್ಯದ ಹಳ್ಳಿಗಳಿಗೆ ಅಧಿಕಾರಿ ಬಂದು ಬಿಡಾರ ಹೂಡಿದರೆ ನೀರು ಹೊರುವ, ಹುಲ್ಲು ತರುವ, ಬೀಸುವ, ಕುಟ್ಟುವ ಕೆಲಸವೆಲ್ಲ ಬಿಟ್ಟಿಯದೇ. ಬೀಸುಕಲ್ಲಿನ ಮುಂದೆ ಕೂರುತ್ತಿದ್ದವಳು ಹೆಂಗಸು ಎಂದು ಬೇರೆ ಹೇಳಬೇಕಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ದೇಶದ ಈ ಬಗೆಯ ಪದ್ಧತಿಗಳನ್ನು ಹೆಸರಿಟ್ಟು ಪಟ್ಟಿ ಮಾಡಿದೆ. ಅದರಲ್ಲಿ ಜೀತ, ಭಗೇಲಾ, ವೆಟ್ಟಿ ಮೂರೂ ಇವೆ. (ಗಡಿಯಾಚೆಯ ತೆಲುಗರಿಗೆ ‘ಜೀತಂ’ ಎಂದರೆ ಇಂದಿಗೂ ತಿಂಗಳ ಸಂಬಳ. ಜೀತವೆಂಬ ಪದದ ಹೊಟ್ಟೆಯಲ್ಲಿ ಕೂಲಿಯ ನೆನಪಾದರೂ ಇದೆ, ಬಿಟ್ಟಿಗೆ ಅದೂ ಇಲ್ಲ.) ಸಾಲ ಪಡೆದವನು ತಾನೇ ಆಗಲಿ, ಮನೆಯವರ ಮೂಲಕವಾಗಲಿ ದುಡಿದು ತೀರಿಸುವುದೂ ಜೀತವೇ ಎಂದು ಆ ಕಾಯ್ದೆ ಹೇಳುತ್ತದೆ. ಈ ‘ಮನೆಯವರು’ ಎಂಬ ಮಾತಿನೊಳಗೆ ಅಡಗಿರುವವಳು ಹೆಂಡತಿ. ಸಾಲದ ಚೀಟಿಗೆ ಹೆಬ್ಬೆಟ್ಟು ಒತ್ತಿದವನು ಗಂಡ. ನಸುಕಿನಲ್ಲೆದ್ದು ಧಣಿಯ ಕೊಟ್ಟಿಗೆಯ ಸಗಣಿ ಬಾಚಿ, ಅಂಗಳ ಸಾರಿಸಿ, ಜೋಳ ಹಸನು ಮಾಡಿಕೊಟ್ಟು, ಆಮೇಲೆ ತನ್ನ ಮನೆಯ ಒಲೆ ಹಚ್ಚುವವಳು ಅವಳು. ಒಂದು ಸಾಲಕ್ಕೆ ಇಬ್ಬರು ಆಳು. ಚೀಟಿಯಲ್ಲಿ ಎರಡನೆಯ ಹೆಸರಿಲ್ಲ.

ನಮ್ಮ ಈ ಬಿಟ್ಟಿ, ಜೀತಗಳನ್ನು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದ ಗುಲಾಮಗಿರಿಯ ಪಕ್ಕದಲ್ಲಿಡುವುದು ಅತಿಯಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಲ್ಲಿ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಹರಾಜು ಹಾಕಿದರು. ಆ ಕ್ರೌರ್ಯಕ್ಕೆ ಸಾಟಿ ಹುಡುಕುವುದು ತಪ್ಪು. ಆದರೆ ಹೆಣ್ಣಿನ ಮೇಲೆ ಬಿದ್ದ ಹೊರೆಯಲ್ಲಿ ಹೋಲಿಕೆಯಿದೆ. 1662ರಲ್ಲಿ ಅಮೆರಿಕದ ವರ್ಜೀನಿಯಾದ ಕಾನೂನು, ಮಗುವಿನ ಸ್ಥಿತಿ ತಾಯಿಯದೇ ಎಂದು ವಿಧಿಸಿತು. ಗುಲಾಮಳ ಮಗು ಹುಟ್ಟುತ್ತಲೇ ಗುಲಾಮ. ಅಪ್ಪ ಧಣಿಯೇ ಆಗಿದ್ದರೂ ಅವನಿಗೆ ಯಾವ ಹೊಣೆಯೂ ಇಲ್ಲ. ನಮ್ಮಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ದಲಿತ ಹೆಣ್ಣುಮಗಳ ಮಗುವಿಗೂ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಎಷ್ಟೋ ಸಲ ಖಾಲಿ. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂತು. ಆಮೇಲೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಯಚೂರು ಸೇರಿ ರಾಜ್ಯದ 14 ಜಿಲ್ಲೆಗಳಲ್ಲಿ ಗುರುತಿಸಲಾದವರು 46,660 ಮಂದಿ. ಸೇವೆ ದೇವರ ಹೆಸರಿನದು, ಸುಖ ಊರ ಉಳ್ಳವರದು, ಮಕ್ಕಳ ಹೊಟ್ಟೆಪಾಡು ಅವಳೊಬ್ಬಳದು. ಬಿಟ್ಟಿ ಎಂಬ ಮಾತಿಗೆ ಇದಕ್ಕಿಂತ ನಿಖರವಾದ ನಿದರ್ಶನ ನನಗೆ ತೋಚುವುದಿಲ್ಲ.

ಹೆಂಗಸರು ಇದನ್ನೆಲ್ಲ ತಲೆ ತಗ್ಗಿಸಿ ಒಪ್ಪಿಕೊಂಡರು ಎನ್ನುವುದೂ ಸುಳ್ಳು. ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದ ಮೇರಿ ಪ್ರಿನ್ಸ್ ಬಟ್ಟೆ ಒಗೆದು, ಕಾಫಿ ಮಾರಿ, ತನ್ನ ಬಿಡುಗಡೆಗೆಂದು ದುಡ್ಡು ಕೂಡಿಟ್ಟಳು. ಧಣಿ ಬಿಡಲೊಪ್ಪಲಿಲ್ಲ. ಲಂಡನ್ನಿಗೆ ಬಂದವಳು ಅವರ ಮನೆಯಿಂದ ಹೊರಬಿದ್ದು, 1831ರಲ್ಲಿ ತನ್ನ ಕಥೆಯನ್ನು ಪುಸ್ತಕವಾಗಿ ಲೋಕದ ಮುಂದಿಟ್ಟಳು. ನಮ್ಮ ಪಕ್ಕದ ತೆಲಂಗಾಣದಲ್ಲಿ ಅಗಸರ ಚಾಕಲಿ ಐಲಮ್ಮ 1940ರ ದಶಕದಲ್ಲಿ ಜಮೀನ್ದಾರ ದೇಶಮುಖನಿಗೆ ಎದುರು ನಿಂತು ಹೊಲವನ್ನೂ ಬೆಳೆಯನ್ನೂ ಉಳಿಸಿಕೊಂಡಳು. ಮಾನ್ವಿ ಕಡೆಯ ಪೋತ್ನಾಳದಲ್ಲಿ ದಲಿತ ಕೂಲಿ ಹೆಂಗಸರು ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡು ಕೂಲಿಗಾಗಿ, ಘನತೆಗಾಗಿ ಹೋರಾಡಿದ್ದಾರೆ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು; ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂಬ ಮಾತು ಅದರಿಂದ ಗಟ್ಟಿಯಾಯಿತು. ಅತ್ತ ಕೆರಿಬಿಯನ್ನಿನಲ್ಲಿ, 1838ರಲ್ಲಿ ಗುಲಾಮಗಿರಿಯಿಂದ ಪೂರ್ತಿ ಬಿಡುಗಡೆಯಾದ ಮೇಲೆ ಜಮೈಕಾದ ಅನೇಕ ಹೆಂಗಸರು ಧಣಿಯ ಕಬ್ಬಿನ ಗದ್ದೆ ಬಿಟ್ಟು ತಮ್ಮ ತುಂಡು ನೆಲಕ್ಕೆ, ಸಂತೆಗೆ, ಮಕ್ಕಳ ಕಡೆಗೆ ತಿರುಗಿದರು. ತೋಟದ ಮಾಲೀಕರು ಅವರನ್ನು ಸೋಮಾರಿಗಳೆಂದು ಜರೆದರು. ಅದೇ ಮಾಲೀಕರೂ ಸೇರಿ ಬ್ರಿಟಿಷ್ ವಸಾಹತುಗಳ ಒಡೆಯರು ಗುಲಾಮರನ್ನು ಬಿಟ್ಟುಕೊಟ್ಟದ್ದಕ್ಕೆ ಬ್ರಿಟನ್ನಿನ ಖಜಾನೆಯಿಂದ 2 ಕೋಟಿ ಪೌಂಡ್ ಪರಿಹಾರ ಪಡೆದಿದ್ದರು. ದುಡಿದವರಿಗೆ ಬಿಡಿಗಾಸೂ ಸಿಕ್ಕಿರಲಿಲ್ಲ. ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಹತ್ತಿ ಬಿಡಿಸಲು ಆಳು ಸಿಗುತ್ತಿಲ್ಲ, ಹೆಣ್ಮಕ್ಕಳು ಮೈಗಳ್ಳರಾದರು ಎಂಬ ಇಂದಿನ ದೂರು ಕೇಳಿದಾಗ ನನಗೆ ನೆನಪಾಗುವುದು ಆ ಮಾಲೀಕರೇ.

ಪದಗಳ ಅರ್ಥ ಬದಲಾಗುವುದು ಸಹಜ, ಬಿಟ್ಟಿ ಎನ್ನುವವನಿಗೆ ವಿಷ್ಟಿಯ ನೆನಪಿರುವುದಿಲ್ಲ ಎನ್ನಬಹುದು. ಆದರೆ ಹಳೆಯ ಅರ್ಥ ಸತ್ತಿಲ್ಲ. ‘ಬಿಟ್ಟಿ ಚಾಕರಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಖಜಾನೆಗೆ ಭಾರವೆಂಬುದು ಇನ್ನೊಂದು ಆಕ್ಷೇಪ. ಅದು ಅಂಕಿಗಳ ಪ್ರಶ್ನೆ, ಅಂಕಿಗಳಿಂದಲೇ ಚರ್ಚೆಯಾಗಲಿ, ಯೋಜನೆಯಲ್ಲಿ ಲೋಪವಿದ್ದರೆ ಕಟುವಾಗಿಯೇ ಟೀಕಿಸಲಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಆ ಅಳತೆಯಲ್ಲಿ ನೋಡಿದರೆ ಕಡಿಮೆ ಕೂಲಿಗೆ ಹತ್ತಿ ಬಿಡಿಸಿಕೊಂಡ ಹೊಲದೊಡೆಯ, ಗುಳೆ ಹೋದ ದೇವದುರ್ಗದ ಹೆಂಗಸಿನ ಕೈಯಲ್ಲಿ ಕಡಿಮೆ ಕೂಲಿಗೆ ಇಟ್ಟಿಗೆ ಹೊರಿಸಿದ ಗುತ್ತಿಗೆದಾರ, ಬಿಟ್ಟಿ ಪಡೆಯುತ್ತಿರುವವರು ಇವರೇ. ಪತ್ರಿಕೆಯವರಲ್ಲಿ, ವೇದಿಕೆ ಏರುವವರಲ್ಲಿ ನನ್ನ ಕೋರಿಕೆ ಇಷ್ಟು: ಆ ಪದವನ್ನು ಇವರಿಗೆ ಬಳಸಿ, ಬಸ್ಸು ಹತ್ತಿದ ಹೆಂಗಸಿಗೆ ಬಳಸಬೇಡಿ.